ನಾಯಿಮರಿಯ ಕಾಲು ಸೊಟ್ಟಗಾಗುತ್ತಿದ್ದರೆ: ಬೆಳವಣಿಗೆ ಮುಗಿಯುವ ಮೊದಲು ಮಾಡಬೇಕಾದ್ದು

ಮೈಸೂರಾಗಲಿ ಮಂಡ್ಯವಾಗಲಿ, ಕಾಲು ಸೊಟ್ಟಗಾದ ಮರಿಯನ್ನು ಎತ್ತಿಕೊಂಡು ಬರುವವರು ಹೇಳುವುದು ಹೆಚ್ಚುಕಡಿಮೆ ಒಂದೇ ಥರ. ಮೂರ್ನಾಲ್ಕು ತಿಂಗಳಿದ್ದಾಗ ಮರಿ ಜಗಲಿಯಿಂದಲೋ ಸೋಫಾದಿಂದಲೋ ಮಕ್ಕಳ ಕೈಯಿಂದಲೋ ಬಿದ್ದಿತ್ತು, ಇಲ್ಲವೇ ಹಿಂದಕ್ಕೆ ತೆಗೆಯುತ್ತಿದ್ದ ಬೈಕಿನ ಚಕ್ರಕ್ಕೆ ಕಾಲು ಕೊಟ್ಟಿತ್ತು. ಎರಡು ದಿನ ಕುಂಟಿತು, ಆಮೇಲೆ ಓಡಾಡಿತು, ಮನೆಯವರು ಮರೆತರು. ತಿಂಗಳು ಕಳೆಯುವಷ್ಟರಲ್ಲಿ ಆ ಮುಂಗಾಲಿನ ಪಂಜ ಹೊರಕ್ಕೆ ತಿರುಗಿತು. "ಬೆಳೀತಾ ಬೆಳೀತಾ ಸರಿಹೋಯ್ತದೆ ಬುಡಿ" ಎಂದು ಅಕ್ಕಪಕ್ಕದವರು ಧೈರ್ಯ ಹೇಳಿದರು.

ಈ ಬಗೆಯ ಸೊಟ್ಟ ಬೆಳೀತಾ ಸರಿಹೋಗುವುದಿಲ್ಲ, ಬೆಳೆದಷ್ಟೂ ಹೆಚ್ಚುತ್ತದೆ. ಐದನೇ ತಿಂಗಳಿನಲ್ಲಿ ಚಿಕ್ಕ ಆಪರೇಷನ್‌ನಲ್ಲಿ ಮುಗಿಯಬಹುದಾದ್ದು ಹತ್ತನೇ ತಿಂಗಳಿಗೆ ಮೂಳೆ ಕತ್ತರಿಸಿ, ತಿರುಗಿಸಿ, ಲೋಹದ ಪ್ಲೇಟ್ ಕೂರಿಸುವ ದೊಡ್ಡ ಕೆಲಸವಾಗುತ್ತದೆ. ಅಷ್ಟರಲ್ಲಿ ಮೊಣಕೈ ಕೀಲು ಕೆಟ್ಟಿದ್ದರೆ ಆ ದೊಡ್ಡ ಕೆಲಸವೂ ಅರ್ಧ ಫಲವನ್ನಷ್ಟೇ ಕೊಡುತ್ತದೆ. ಆದ್ದರಿಂದ ಮುಂದೆ ಬರೆದಿರುವುದನ್ನೆಲ್ಲ ಮರಿಯ ವಯಸ್ಸು ಎಷ್ಟು ಎಂಬ ಲೆಕ್ಕದೊಂದಿಗೆ ಓದಿಕೊಳ್ಳಿ.

ಕಾಲು ಯಾಕೆ ಬಾಗುತ್ತದೆ

ಮರಿಯ ಉದ್ದ ಮೂಳೆಗಳ ತುದಿಗಳ ಹತ್ತಿರ ಮೆದುಮೂಳೆಯ ತೆಳು ಪದರವಿರುತ್ತದೆ. ಇದೇ ಗ್ರೋತ್ ಪ್ಲೇಟ್. ಮೂಳೆ ಉದ್ದವಾಗುವುದು ಇಲ್ಲಿಂದಲೇ. ಬೆಳವಣಿಗೆ ಮುಗಿದಾಗ ಈ ಪದರ ಗಟ್ಟಿ ಮೂಳೆಯಾಗಿ ಮುಚ್ಚಿಕೊಳ್ಳುತ್ತದೆ. ಮುಂಗಾಲಿನ ಕೆಳಭಾಗದ ಗ್ರೋತ್ ಪ್ಲೇಟ್‌ಗಳು ಚಿಕ್ಕ ತಳಿಗಳಲ್ಲಿ ಎಂಟನೇ ತಿಂಗಳ ಹೊತ್ತಿಗೆ ಬಹುಪಾಲು ಕೆಲಸ ಮುಗಿಸಿರುತ್ತವೆ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ಗಳಲ್ಲಿ 10ರಿಂದ 12 ತಿಂಗಳು ಹಿಡಿಯುತ್ತದೆ. ಗ್ರೇಟ್ ಡೇನ್‌ನಂಥ ಭಾರೀ ತಳಿಗಳಲ್ಲಿ ಇನ್ನೂ ಮುಂದಕ್ಕೆ ಹೋಗುತ್ತದೆ. ಅತಿ ವೇಗದ ಬೆಳವಣಿಗೆ ನಡೆಯುವುದು ಮಾತ್ರ ನಾಲ್ಕರಿಂದ ಆರು ತಿಂಗಳ ನಡುವೆ.

ನಾಯಿಯ ಮುಂಗಾಲಿನಲ್ಲಿ ಮೊಣಕೈಯಿಂದ ಮಣಿಕಟ್ಟಿನವರೆಗೆ ಎರಡು ಮೂಳೆಗಳು ಜೋಡಿಯಾಗಿ ಇಳಿಯುತ್ತವೆ. ಭಾರ ಹೊರುವ ರೇಡಿಯಸ್ ಮುಂದೆ, ಅಲ್ನಾ ಹಿಂದೆ. ಎರಡೂ ಒಂದೇ ವೇಗದಲ್ಲಿ ಬೆಳೆದರೆ ಮಾತ್ರ ಕಾಲು ನೇರ. ತೊಂದರೆಯ ಬೇರು ಅಲ್ನಾದ ಕೆಳತುದಿಯಲ್ಲಿದೆ. ಆ ಮೂಳೆಯ ಬೆಳವಣಿಗೆಯಲ್ಲಿ ಸುಮಾರು ಶೇ. 85ರಷ್ಟು ನಡೆಯುವುದು ಅಲ್ಲಿರುವ ಒಂದೇ ಗ್ರೋತ್ ಪ್ಲೇಟ್‌ನಲ್ಲಿ. ನಾಯಿಗಳಲ್ಲಿ ಅದು ಶಂಕುವಿನ ಆಕಾರದಲ್ಲಿರುತ್ತದೆ. ಚಪ್ಪಟೆಯಾಗಿದ್ದಿದ್ದರೆ ಪೆಟ್ಟು ಬಿದ್ದಾಗ ಪಕ್ಕಕ್ಕೆ ಜಾರಿ ತಪ್ಪಿಸಿಕೊಳ್ಳಬಹುದಿತ್ತು. ಶಂಕುವಿಗೆ ಜಾರಲು ಜಾಗವಿಲ್ಲ. ಯಾವ ಕಡೆಯಿಂದ ಪೆಟ್ಟು ಬಿದ್ದರೂ ಮೆದುಮೂಳೆಯ ಕೋಶಗಳು ಜಜ್ಜಿಹೋಗುತ್ತವೆ.

ಗ್ರೋತ್ ಪ್ಲೇಟ್ ಗಾಯಗಳನ್ನು ಸಾಲ್ಟರ್ ಮತ್ತು ಹ್ಯಾರಿಸ್ ಎಂಬ ಕೆನಡಾದ ವೈದ್ಯರು 1963ರಲ್ಲಿ ಮಕ್ಕಳ ವಿಷಯದಲ್ಲಿ ಐದು ಬಗೆಯಾಗಿ ವಿಂಗಡಿಸಿದರು. ಪಶುವೈದ್ಯರೂ ಅದನ್ನೇ ಬಳಸುತ್ತಾರೆ. ಜಜ್ಜಿಹೋಗುವುದು ಐದನೆಯ ಬಗೆ. ಪೆಟ್ಟು ಬಿದ್ದ ದಿನದ ಎಕ್ಸ್‌ರೇಯಲ್ಲಿ ಇದು ಕಾಣುವುದೇ ಇಲ್ಲ. ಮೂಳೆ ಮುರಿದಿಲ್ಲ ಎಂದು ಡಾಕ್ಟರ್ ಹೇಳಿದ್ದು ನಿಜವೇ ಆಗಿರುತ್ತದೆ, ಆದರೂ ಬೆಳವಣಿಗೆ ನಿಂತಿರಬಹುದು.

ಅಲ್ನಾ ನಿಂತಿತು, ರೇಡಿಯಸ್ ಬೆಳೆಯುತ್ತಲೇ ಇದೆ. ಆಗ ಗಿಡ್ಡ ಅಲ್ನಾ ಹೆದೆಯಾಗುತ್ತದೆ, ರೇಡಿಯಸ್ ಬಿಲ್ಲಾಗುತ್ತದೆ. ಮುಂಗಾಲು ಮುಂದಕ್ಕೆ ಉಬ್ಬುತ್ತದೆ, ಪಂಜ ಹೊರಕ್ಕೆ ವಾಲಿ ತಿರುಗುತ್ತದೆ, ಮೇಲೆ ಮೊಣಕೈ ಕೀಲು ಹೊಂದಾಣಿಕೆ ತಪ್ಪುತ್ತದೆ. ಹೊರಗೆ ಕಾಣುವ ಸೊಟ್ಟಕ್ಕಿಂತ ಕಾಣದ ಈ ಮೊಣಕೈ ಹೆಚ್ಚು ಅಪಾಯಕಾರಿ. ಸ್ವಲ್ಪ ವಾಲಿದ ಪಂಜದಲ್ಲಿ ನಾಯಿ ಜೀವಮಾನವೆಲ್ಲ ನೆಮ್ಮದಿಯಾಗಿ ನಡೆದೀತು. ಹೊಂದಾಣಿಕೆ ತಪ್ಪಿದ ಮೊಣಕೈ ಸವೆದು ಎರಡು ಮೂರು ವರ್ಷಕ್ಕೇ ಅದನ್ನು ಮುದಿಯಾಗಿಸುತ್ತದೆ.

ರೇಡಿಯಸ್ಸೇ ಮೊದಲು ನಿಂತುಹೋಗುವುದೂ ಉಂಟು. ಆಗ ಬಾಗು ಕಡಿಮೆ, ಕಾಲು ಗಿಡ್ಡ, ಮೊಣಕೈಯಲ್ಲಿ ಸಂದು. ಭಾರೀ ತಳಿಗಳಲ್ಲಿ ಪೆಟ್ಟಿಲ್ಲದೆಯೂ ಅಲ್ನಾದ ಕೆಳತುದಿಯ ಮೆದುಮೂಳೆ ಗಟ್ಟಿಯಾಗದೆ ಉಳಿದು, ಎರಡೂ ಮುಂಗಾಲು ಬಾಗುವುದುಂಟು.

ಮೊದಲ ಕೆಲಸ: ನೋಡಿ, ಫೋಟೊ ತೆಗೆಯಿರಿ

ಸಮತಟ್ಟಾದ, ಜಾರದ ನೆಲದ ಮೇಲೆ ಮರಿಯನ್ನು ನಿಲ್ಲಿಸಿ. ಮುಂದಿನಿಂದ ಒಂದು, ಎರಡೂ ಪಕ್ಕದಿಂದ ಒಂದೊಂದು ಫೋಟೊ ತೆಗೆಯಿರಿ. ಕ್ಯಾಮೆರಾ ಮರಿಯ ಎದೆಯ ಮಟ್ಟದಲ್ಲಿರಲಿ. ಮೇಲಿನಿಂದ ತೆಗೆದರೆ ನೇರ ಕಾಲೂ ಸೊಟ್ಟಗೆ ಕಾಣುತ್ತದೆ. ನಡೆಯುವ ವಿಡಿಯೊ ಕೂಡ ಇರಲಿ. ವಾರಕ್ಕೊಮ್ಮೆ ಇದನ್ನೇ ಮಾಡಿ. ಡಾಕ್ಟರಿಗೆ ನಿಮ್ಮ ಮಾತಿಗಿಂತ ಈ ಸಾಲು ಫೋಟೊಗಳೇ ಹೆಚ್ಚು ಹೇಳುತ್ತವೆ.

ಎರಡು ಕಾಲನ್ನೂ ಹೋಲಿಸಿ. ಒಂದೇ ಕಾಲು ಬಾಗಿದ್ದರೆ ಗ್ರೋತ್ ಪ್ಲೇಟ್ ಪೆಟ್ಟಿನ ಅನುಮಾನ ಬಲವಾಗುತ್ತದೆ. ಎರಡೂ ಸಮವಾಗಿ ಬಾಗಿದ್ದರೆ ಆಹಾರ, ತಳಿ, ನೆಲ ಇವನ್ನು ಯೋಚಿಸಬೇಕು. ಡ್ಯಾಶ್‌ಹುಂಡ್‌ನ ಗಿಡ್ಡ ಮುಂಗಾಲು ಒಂದಿಷ್ಟು ಬಾಗಿರುವುದು ಆ ತಳಿಯ ಸಹಜ ರೂಪ. ಬೇರೆ ತಳಿಯ ಮರಿಗಳಲ್ಲೂ ಪಂಜ ತುಸು ಹೊರಮುಖವಾಗಿರುವುದು ರೋಗವಲ್ಲ. ವಾರದಿಂದ ವಾರಕ್ಕೆ ಹೆಚ್ಚುತ್ತಿದೆಯೇ ಎಂಬುದೇ ಮುಖ್ಯ.

ಆಪರೇಷನ್ ಬೇಡದ ಸೊಟ್ಟವನ್ನು ಮೊದಲು ಬೇರೆ ಮಾಡಿ

ಎರಡರಿಂದ ನಾಲ್ಕು ತಿಂಗಳ ಮರಿ ಮುಂಗಾಲಿನ ಮಣಿಕಟ್ಟನ್ನು ನೆಲಕ್ಕೆ ತಾಗುವಷ್ಟು ಬಗ್ಗಿಸಿ ನಡೆಯುತ್ತಿದ್ದರೆ, ಅಥವಾ ಅದಕ್ಕೆ ತದ್ವಿರುದ್ಧವಾಗಿ ಮುಂದಕ್ಕೆ ಮಡಚಿ ನಿಲ್ಲುತ್ತಿದ್ದರೆ ಹೆದರಬೇಡಿ. ಇದು ಬಹಳಷ್ಟು ಸಲ ಸ್ನಾಯು ಮತ್ತು ಕೀಲಿನ ಸಡಿಲಿಕೆ ಅಥವಾ ಬಿಗಿತ. ಸರಿಯಾದ ಆಹಾರ ಕೊಟ್ಟು, ಟೈಲ್ಸ್ ನೆಲದಿಂದ ಮಣ್ಣು ನೆಲಕ್ಕೋ ಒರಟು ಹಾಸಿಗೋ ಬದಲಾಯಿಸಿದರೆ ಕೆಲವೇ ವಾರಗಳಲ್ಲಿ ಸರಿಯಾಗುತ್ತದೆ. ಇದಕ್ಕೆ ಬಿದಿರು ಕಡ್ಡಿ ಇಟ್ಟು ಬಿಗಿಯಾಗಿ ಕಟ್ಟುವುದು ತಪ್ಪು. ಕಟ್ಟಿದಷ್ಟೂ ಸ್ನಾಯು ಸೊರಗುತ್ತದೆ. ಬಿಗಿ ಹೆಚ್ಚಾಗಿ ರಕ್ತ ಓಡಾಟ ನಿಂತರೆ ಪಂಜವೇ ಕೊಳೆಯುತ್ತದೆ. ಗಟ್ಟಿಯಾಗಿದ್ದ ಕಾಲನ್ನು ನಾಟಿ ವೈದ್ಯರ ಕಟ್ಟಿನಿಂದ ಕಳೆದುಕೊಳ್ಳುವ ಮರಿಗಳನ್ನು ನೋಡುವಾಗ ನನಗೆ ಆಗುವ ಸಂಕಟ ಅಷ್ಟಿಷ್ಟಲ್ಲ.

ಆಹಾರದ ವಿಷಯ ಸ್ವಲ್ಪ ವಿವರವಾಗಿಯೇ ಹೇಳಬೇಕು. ನಮ್ಮ ಕಡೆ ಮರಿಗೆ ಹಾಲನ್ನ, ಮೊಸರನ್ನ, ಮುದ್ದೆ ಹಾಕಿ ಸಾಕುವುದು ವಾಡಿಕೆ. ರಾಗಿಯಲ್ಲಿ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಚೆನ್ನಾಗಿದೆ, ನಿಜ. ಆದರೆ ಅದನ್ನು ಮೈ ಹೀರದಂತೆ ತಡೆಯುವ ಅಂಶವೂ ಅದರಲ್ಲೇ ಇದೆ. ಮುದ್ದೆಯೊಂದರಿಂದಲೇ ಬೆಳೆಯುವ ಮರಿಗೆ ಬೇಕಾದ ಪ್ರೋಟೀನು, ವಿಟಮಿನ್ ಡಿ ಸಿಗುವುದಿಲ್ಲ. ಬಿಸಿಲಿಗೆ ಬಿಟ್ಟರೆ ಸಾಕು ಎಂಬ ನಂಬಿಕೆಯೂ ನಾಯಿಯ ಮಟ್ಟಿಗೆ ಸರಿಯಲ್ಲ. ನಾಯಿಯ ಚರ್ಮ ತನಗೆ ಬೇಕಾದಷ್ಟು ವಿಟಮಿನ್ ಡಿ ತಯಾರಿಸಿಕೊಳ್ಳಲಾರದು, ಅದು ಆಹಾರದಿಂದಲೇ ಬರಬೇಕು. ಬರೀ ಮೂಳೆಯಿಲ್ಲದ ಮಾಂಸ ಹಾಕಿ ಬೆಳೆಸಿದ ಮರಿಗೆ ಇನ್ನೊಂದು ತೊಂದರೆ. ಮಾಂಸದಲ್ಲಿ ರಂಜಕ ಹೆಚ್ಚು, ಸುಣ್ಣ ತೀರಾ ಕಡಿಮೆ. ದೇಹ ತನ್ನ ಮೂಳೆಯಿಂದಲೇ ಸುಣ್ಣ ಎಳೆದುಕೊಂಡು ಮೂಳೆ ಟೊಳ್ಳಾಗುತ್ತದೆ. ಅಂಥ ಮೂಳೆಯಲ್ಲಿ ಸ್ಕ್ರೂ ನಿಲ್ಲುವುದಿಲ್ಲ. ಅದನ್ನು ಮೊದಲು ಆಹಾರದಿಂದ ಗಟ್ಟಿ ಮಾಡಬೇಕು, ಆಮೇಲೆ ಉಳಿದ ಸೊಟ್ಟದ ಮಾತು.

ಇದಕ್ಕೆ ಎದುರಾದ ತಪ್ಪು ಮೈಸೂರಿನ ಬಡಾವಣೆಗಳಲ್ಲಿ ಹೆಚ್ಚು: ಪ್ಯಾಕೆಟ್ಟಿನ ಪಪ್ಪಿ ಆಹಾರವನ್ನೇ ಕೊಡುತ್ತಾ, ಅದರ ಮೇಲೆ ದಿನಾ ಎರಡು ಹೊತ್ತು ಕ್ಯಾಲ್ಸಿಯಂ ಸಿರಪ್ ಕುಡಿಸುವುದು. ಐದಾರು ತಿಂಗಳೊಳಗಿನ ಮರಿಯ ಕರುಳಿಗೆ ಹೆಚ್ಚಾದ ಕ್ಯಾಲ್ಸಿಯಂ ಬೇಡವೆಂದು ತಡೆಯುವ ಶಕ್ತಿ ಇನ್ನೂ ಬಂದಿರುವುದಿಲ್ಲ. ದೊಡ್ಡ ತಳಿಯ ಮರಿಗಳಲ್ಲಿ ಇದರಿಂದಲೇ ಗ್ರೋತ್ ಪ್ಲೇಟ್ ಕೆಡುತ್ತದೆ. ದೊಡ್ಡ ತಳಿಯ ಮರಿಗಳಿಗೆಂದೇ ಮಾಡಿದ ಸಮತೋಲಿತ ಆಹಾರ ಕೊಡುತ್ತಿದ್ದರೆ ಸಿರಪ್ ಬೇಡವೇ ಬೇಡ. ಮರಿ ಗುಂಡಗುಂಡಗೆ ಇರಬೇಕೆಂಬ ಆಸೆಯನ್ನೂ ಬಿಡಿ. ಪಕ್ಕೆಲುಬು ಕೈಗೆ ಸಲೀಸಾಗಿ ಸಿಗುವಷ್ಟು ತೆಳ್ಳಗಿದ್ದರೆ ಮೂಳೆಗೆ ಒಳ್ಳೆಯದು.

ಎಕ್ಸ್‌ರೇ: ಒಂದು ಸಲ ಸಾಲದು

ಮುಂಗಾಲಿಗೆ ಜೋರು ಪೆಟ್ಟು ಬಿದ್ದ ಮರಿಗೆ ಆ ದಿನ ಎಕ್ಸ್‌ರೇ ತೆಗೆಸಿ. ಏನೂ ಕಾಣದಿದ್ದರೂ ಎರಡು ಮೂರು ವಾರ ಬಿಟ್ಟು ಮತ್ತೆ ತೆಗೆಸಿ. ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ತೆಗೆಸುವಾಗ ಹೀಗೆ ಕೇಳಿ: ಪೆಟ್ಟಾದ ಕಾಲು ಮಾತ್ರವಲ್ಲ, ಎರಡೂ ಮುಂಗಾಲು. ಪ್ರತಿ ಕಾಲಿಗೂ ಮುಂದಿನಿಂದ ಒಂದು, ಪಕ್ಕದಿಂದ ಒಂದು. ಪ್ರತಿ ಚಿತ್ರದಲ್ಲೂ ಮೊಣಕೈ ಮತ್ತು ಮಣಿಕಟ್ಟು ಎರಡೂ ಇರಬೇಕು. ಚೆನ್ನಾಗಿರುವ ಕಾಲಿನ ಜೊತೆ ಅಳತೆ ಹೋಲಿಸಿದಾಗಲೇ ಯಾವ ಮೂಳೆ ಎಷ್ಟು ಹಿಂದುಳಿದಿದೆ, ಬಾಗು ಎಷ್ಟು ಡಿಗ್ರಿ ಎಂಬುದು ತಿಳಿಯುವುದು. ಮರಿ ಒದ್ದಾಡಿದರೆ ಕಾಲು ತಿರುಗಿ ಅಳತೆಯೆಲ್ಲ ತಪ್ಪುತ್ತದೆ. ಆದ್ದರಿಂದ ಡಾಕ್ಟರ್ ಮಂಪರು ಇಂಜೆಕ್ಷನ್ ಕೊಡುತ್ತೇನೆಂದರೆ ಬೇಡವೆನ್ನಬೇಡಿ. ಕಾಲು ತಿರುಚಿಕೊಂಡಿದ್ದರೆ, ಮೊಣಕೈ ಅನುಮಾನವಿದ್ದರೆ ಸಿ.ಟಿ. ಸ್ಕ್ಯಾನ್ ಹೆಚ್ಚು ಸ್ಪಷ್ಟ. ಚಿತ್ರಗಳ ಡಿಜಿಟಲ್ ಪ್ರತಿಯನ್ನು ಕೇಳಿ ಪಡೆದುಕೊಳ್ಳಿ. ಮೊಬೈಲಿನಲ್ಲಿ ಫಿಲ್ಮ್ ಎತ್ತಿ ಹಿಡಿದು ತೆಗೆದ ಫೋಟೊದ ಮೇಲೆ ಯಾರೂ ಅಳತೆ ಮಾಡಲಾಗದು.

ಎಕ್ಸ್‌ರೇ ಊರಿನಲ್ಲೇ ಆಗಬಹುದು. ಆದರೆ ಬಾಗು ಸರಿಪಡಿಸುವ ಕೆಲಸಕ್ಕೆ ನಾಯಿಗಳ ಮೂಳೆ ಶಸ್ತ್ರಚಿಕಿತ್ಸೆಯಲ್ಲಿ ಕೈ ಪಳಗಿದವರೇ ಬೇಕು. ಅಂಥವರು ಊರಿನಲ್ಲಿ ಸಿಗದಿದ್ದರೆ ಹಾಸನದ ಪಶುವೈದ್ಯಕೀಯ ಮಹಾವಿದ್ಯಾಲಯ ಮತ್ತು ಬೆಂಗಳೂರಿನ ಹೆಬ್ಬಾಳದ ಮಹಾವಿದ್ಯಾಲಯ ನಮಗೆ ಎಟುಕುವ ದೂರದಲ್ಲಿವೆ. ಹೋಗುವ ಮೊದಲು ಶಸ್ತ್ರಚಿಕಿತ್ಸಾ ವಿಭಾಗಕ್ಕೆ ಫೋನ್ ಮಾಡಿ ಯಾವ ದಿನ ಬರಬೇಕೆಂದು ಕೇಳಿಕೊಳ್ಳಿ. ಕೆ.ಆರ್. ಪೇಟೆಯಿಂದಲೋ ಮಳವಳ್ಳಿಯಿಂದಲೋ ನೋವಿನ ಮರಿಯನ್ನು ಕರೆದೊಯ್ದು ಬರಿಗೈಲಿ ಹಿಂತಿರುಗುವಂತಾಗಬಾರದು.

ಬೆಳವಣಿಗೆ ಬಾಕಿ ಇದ್ದರೆ

ಅಲ್ನಾ ನಿಂತಿದೆ, ಮರಿಗೆ ನಾಲ್ಕೋ ಐದೋ ತಿಂಗಳು, ರೇಡಿಯಸ್‌ನ ಗ್ರೋತ್ ಪ್ಲೇಟ್ ತೆರೆದಿದೆ. ಆಗ ಮಾಡುವುದು ಅಲ್ನಾದ ಒಂದು ತುಂಡನ್ನು ತೆಗೆಯುವ ಆಪರೇಷನ್. ಮಣಿಕಟ್ಟಿಗಿಂತ ಮೇಲೆ ಒಂದೆರಡು ಸೆಂಟಿಮೀಟರ್ ಮೂಳೆಯನ್ನು, ಅದನ್ನು ಸುತ್ತಿದ ಪೊರೆಯ ಸಮೇತ ಕತ್ತರಿಸಿ ತೆಗೆಯುತ್ತಾರೆ. ಎಳೆದು ಹಿಡಿದಿದ್ದ ಬಿಗಿ ತಪ್ಪುತ್ತದೆ. ರೇಡಿಯಸ್ ತನ್ನ ಪಾಡಿಗೆ ಬೆಳೆಯುತ್ತದೆ. ಬಾಗು ಕಡಿಮೆಯಿದ್ದರೆ ಉಳಿದ ಬೆಳವಣಿಗೆಯಲ್ಲಿ ಕಾಲು ತಾನೇ ಒಂದಿಷ್ಟು ನೆಟ್ಟಗಾಗುತ್ತದೆ, ಮೊಣಕೈಯೂ ತನ್ನ ಜಾಗಕ್ಕೆ ಕೂರುವ ಅವಕಾಶ ಸಿಗುತ್ತದೆ.

ಮರಿಗಳ ಮೂಳೆ ಬಹಳ ಬೇಗ ಕೂಡುತ್ತದೆ. ತೆಗೆದ ಜಾಗದಲ್ಲಿ ಕೆಲವೇ ವಾರಗಳಲ್ಲಿ ಹೊಸ ಮೂಳೆ ತುಂಬಿ ಮತ್ತೆ ಬಿಗಿ ಹಿಡಿಯುತ್ತದೆ. ಅದನ್ನು ತಡೆಯಲು ಆ ಸಂದಿಯಲ್ಲಿ ಮರಿಯದೇ ಚರ್ಮದಡಿಯ ಕೊಬ್ಬಿನ ತುಂಡನ್ನು ಇಡುತ್ತಾರೆ. ಪೊರೆಯನ್ನೂ ತೆಗೆಯುವುದು ಇದಕ್ಕಾಗಿಯೇ. ಇಷ್ಟಾದರೂ ಕೆಲವು ಮರಿಗಳಲ್ಲಿ ಮೂಳೆ ಕೂಡಿಬಿಡುತ್ತದೆ. ಎರಡರಿಂದ ನಾಲ್ಕು ವಾರಕ್ಕೊಮ್ಮೆ ಎಕ್ಸ್‌ರೇ ನೋಡುತ್ತಿರಬೇಕು. ಬೆಳವಣಿಗೆ ಇನ್ನೂ ಬಾಕಿಯಿದ್ದರೆ ಇನ್ನೊಮ್ಮೆ ಬಿಡಿಸಬೇಕಾಗಬಹುದು. ಬೆಳೆದ ಮೇಲೆ ಉಳಿದ ಬಾಗಿಗೆ ಎರಡನೇ ಆಪರೇಷನ್ ಬೇಕಾಗಬಹುದೆಂದೂ ಮೊದಲೇ ಕೇಳಿ ತಿಳಿದುಕೊಳ್ಳಿ, ಖರ್ಚನ್ನೂ ಹಾಗೆಯೇ ಲೆಕ್ಕ ಹಾಕಿ. ಎರಡನೆಯದು ಬಂದರೆ ಮೊದಲನೆಯದು ಸೋತಿತೆಂದಲ್ಲ. ಅದು ಮೊಣಕೈಯನ್ನು ಉಳಿಸಿಕೊಟ್ಟಿರುತ್ತದೆ.

ಗ್ರೋತ್ ಪ್ಲೇಟ್‌ನ ಒಂದು ಪಕ್ಕ ಮಾತ್ರ ನಿಧಾನವಾಗಿದ್ದರೆ ಇನ್ನೊಂದು ದಾರಿಯಿದೆ. ವೇಗವಾಗಿ ಬೆಳೆಯುತ್ತಿರುವ ಪಕ್ಕಕ್ಕೆ ಸ್ಟೇಪಲ್ ಅಥವಾ ಚಿಕ್ಕ ಪ್ಲೇಟ್ ಹಾಕಿ ತಾತ್ಕಾಲಿಕವಾಗಿ ತಡೆದು, ಹಿಂದುಳಿದ ಪಕ್ಕ ಸಮವಾದ ಕೂಡಲೇ ತೆಗೆದುಬಿಡುವುದು. ಇದರಲ್ಲಿ ತೆಗೆಯುವ ದಿನ ತಪ್ಪಬಾರದು. ತಪ್ಪಿದರೆ ಕಾಲು ಎದುರು ದಿಕ್ಕಿಗೆ ಬಾಗುತ್ತದೆ.

ಮರಿಯ ಮೂಳೆ ಮುರಿದು ರಾಡ್ ಹಾಕಿಸಬೇಕಾಗಿ ಬಂದರೂ ಒಂದು ಪ್ರಶ್ನೆ ಕೇಳಿ: "ಇದು ಗ್ರೋತ್ ಪ್ಲೇಟ್ ದಾಟಿ ಹೋಗುತ್ತದಾ ಡಾಕ್ಟ್ರೇ?" ದಾಟಲೇಬೇಕಾದರೆ ನುಣುಪಾದ ತೆಳು ಪಿನ್ ಹಾಕಿ ಬೇಗ ತೆಗೆಯುತ್ತಾರೆ. ಮೈಮೇಲೆ ಸುರುಳಿ ಗೀರುಗಳಿರುವ ಸ್ಕ್ರೂ ದಾಟಿ ಕೂತರೆ ಬೆಳವಣಿಗೆ ಅಲ್ಲಿಗೇ ನಿಲ್ಲುತ್ತದೆ.

ಬೆಳವಣಿಗೆ ಮುಗಿದಿದ್ದರೆ

ಆಗ ಬಾಗಿದ ಮೂಳೆಯನ್ನೇ ಕತ್ತರಿಸಿ ನೇರ ಮಾಡಬೇಕು. ಎಲ್ಲಿ ಕತ್ತರಿಸಬೇಕು, ಎಷ್ಟು ಡಿಗ್ರಿ ತಿರುಗಿಸಬೇಕು ಎಂಬುದನ್ನು ಎಕ್ಸ್‌ರೇ ಮೇಲೆ ಗೆರೆ ಎಳೆದು ಲೆಕ್ಕ ಹಾಕಿರಬೇಕು. ಬೆಣೆಯಾಕಾರದ ತುಂಡು ತೆಗೆದು ಮುಚ್ಚುವುದು, ಕತ್ತರಿಸಿ ತೆರೆದಿಡುವುದು ಹೀಗೆ ವಿಧಾನಗಳು ಬೇರೆಬೇರೆ. ಬಿಗಿಯಲು ಒಳಗೆ ಪ್ಲೇಟ್, ಇಲ್ಲವೇ ಹೊರಗೆ ಪಿನ್ ಮತ್ತು ರಾಡುಗಳ ಚೌಕಟ್ಟು. ಪ್ಲೇಟ್ ಹಾಕಿದರೆ ಮನೆಯವರಿಗೆ ಆರೈಕೆ ಸುಲಭ. ಬಾಗಿನ ಜೊತೆ ಕಾಲು ಗಿಡ್ಡವೂ ಆಗಿದ್ದರೆ ಹೊರ ಚೌಕಟ್ಟೇ ಮೇಲು.

ಉದ್ದ ಮಾಡುವ ಆ ವಿಧಾನ ಸೈಬೀರಿಯಾದ ಕುರ್ಗಾನ್ ಊರಿನ ವೈದ್ಯ ಇಲಿಜರೋವ್ 1950ರ ದಶಕದಲ್ಲಿ ರೂಪಿಸಿದ್ದು. ಮೂಳೆ ಕತ್ತರಿಸಿ, ಉಂಗುರಗಳ ಚೌಕಟ್ಟು ಹಾಕಿ, ಕೆಲವು ದಿನ ಬಿಟ್ಟು, ದಿನಕ್ಕೆ ಸುಮಾರು 1 ಮಿಲಿಮೀಟರ್‌ನಂತೆ ಎಳೆಯುತ್ತಾ ಹೋದರೆ ಸಂದಿಯಲ್ಲಿ ಹೊಸ ಮೂಳೆ ಹುಟ್ಟುತ್ತದೆ. ಆ 1 ಮಿಲಿಮೀಟರನ್ನು ದಿನಕ್ಕೆ ನಾಲ್ಕು ಸಲ ಕಾಲು ಕಾಲು ಸುತ್ತು ನಟ್ಟು ತಿರುಗಿಸಿ ಮಾಡಬೇಕು, ಅದೂ ಬಹಳ ಸಲ ಮನೆಯವರೇ. ಬೆಳಿಗ್ಗೆ ಗದ್ದೆಗೆ ಹೋಗಿ ಕತ್ತಲಾದ ಮೇಲೆ ಬರುವ ಮನೆಯಾದರೆ ಈ ವಿಧಾನ ಒಪ್ಪಿಕೊಳ್ಳುವ ಮೊದಲು ಯಾರು ತಿರುಗಿಸುತ್ತಾರೆಂದು ತೀರ್ಮಾನ ಮಾಡಿ.

ಹಿಂಗಾಲಿನದು ಬೇರೆಯೇ ಲೋಕ, ಚುಟುಕಾಗಿ ಹೇಳುತ್ತೇನೆ. ಡ್ಯಾಶ್‌ಹುಂಡ್‌ನಲ್ಲಿ ಹಿಂಗಾಲಿನ ಕೆಳಭಾಗ ಒಳಕ್ಕೆ ಬಾಗುವುದುಂಟು. ಒಳಪಕ್ಕದಲ್ಲಿ ಮೂಳೆ ಕತ್ತರಿಸಿ ತೆರೆದು ಸರಿಪಡಿಸುತ್ತಾರೆ. ಪೊಮೆರೇನಿಯನ್‌ನಂಥ ಪುಟ್ಟ ತಳಿಗಳಲ್ಲಿ ಮಂಡಿಚಿಪ್ಪು ಒಳಕ್ಕೆ ಜಾರುತ್ತದೆ. ಮರಿ ನಾಲ್ಕು ಹೆಜ್ಜೆ ನಡೆದು ಐದನೆಯದಕ್ಕೆ ಕಾಲೆತ್ತಿ ಕುಪ್ಪಳಿಸುವುದು ಅದರ ಗುರುತು. ಅದನ್ನೂ ಬೆಳೆಯುವಾಗಲೇ ತೋರಿಸಬೇಕು, ಏಕೆಂದರೆ ಜಾರಿದ ಚಿಪ್ಪಿನ ಎಳೆತಕ್ಕೆ ತೊಡೆಮೂಳೆಯೂ ಬಾಗುತ್ತದೆ.

ಆಪರೇಷನ್‌ಗೆ ಮೊದಲು

ಲಸಿಕೆಗಳು ಮುಗಿದಿರಲಿ, ಪಾರ್ವೊ ಲಸಿಕೆ ಮುಖ್ಯವಾಗಿ. ಜಂತುಹುಳದ ಔಷಧಿ ಕೊಟ್ಟಿರಲಿ. ನಮ್ಮ ಕಡೆ ಉಣ್ಣೆ ಕಾಟ ವರ್ಷವಿಡೀ ಇದ್ದೇ ಇದೆ. ಉಣ್ಣೆ ಜ್ವರ ಒಳಗೊಳಗೇ ಇದ್ದರೆ ರಕ್ತದ ಪ್ಲೇಟ್‌ಲೆಟ್ ಇಳಿದಿರುತ್ತದೆ, ಆಪರೇಷನ್ ವೇಳೆ ರಕ್ತ ನಿಲ್ಲುವುದಿಲ್ಲ. ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಎಣಿಕೆ ಇದೆಯೇ ಎಂದು ಕೇಳಿ. ಅರಿವಳಿಕೆಗೆ ಮುಂಚೆ ಎಷ್ಟು ಹೊತ್ತು ಹೊಟ್ಟೆ ಖಾಲಿ ಬಿಡಬೇಕೆಂಬುದನ್ನು ಡಾಕ್ಟರ್ ಹೇಳಿದಂತೆ ಮಾಡಿ. ಮರಿಗಳನ್ನು ದೊಡ್ಡ ನಾಯಿಯಷ್ಟು ಹೊತ್ತು ಉಪವಾಸ ಕೆಡವಬಾರದು, ರಕ್ತದ ಸಕ್ಕರೆ ಇಳಿಯುತ್ತದೆ.

ಮನೆಗೆ ತಂದ ಮೇಲೆ

ಗ್ರಾನೈಟ್, ಟೈಲ್ಸ್ ನೆಲ ದೊಡ್ಡ ಶತ್ರು. ಮರಿ ಓಡಾಡುವ ದಾರಿಗೆಲ್ಲ ಗೋಣಿತಾಟು ಅಥವಾ ನಾರಿನ ಮ್ಯಾಟ್ ಹಾಸಿ. ಮೆಟ್ಟಿಲಿಗೆ ಅಡ್ಡ ಹಾಕಿ. ಅಲ್ನಾದ ಚಿಕ್ಕ ಆಪರೇಷನ್ ಆದ ಮರಿ ಬೇಗ ಕಾಲೂರಿ ನಡೆದರೆ ಒಳ್ಳೆಯದೇ. ಹಗ್ಗ ಹಿಡಿದು ನಿಧಾನವಾಗಿ ಐದೈದು ನಿಮಿಷ ನಡೆಸಿ. ಓಟ, ಜಿಗಿತ, ಬೇರೆ ನಾಯಿಯೊಂದಿಗೆ ಗುದ್ದಾಟ ಬೇಡ. ಪ್ಲೇಟ್ ಹಾಕಿದ್ದರೆ ಮೂಳೆ ಕೂಡಿದ್ದನ್ನು ಎಕ್ಸ್‌ರೇಯಲ್ಲಿ ನೋಡುವವರೆಗೆ ಈ ಕಟ್ಟುನಿಟ್ಟು ನಡೆಯಬೇಕು.

ಬ್ಯಾಂಡೇಜ್ ಇದ್ದರೆ ತುದಿಯಲ್ಲಿ ನಡುವಿನ ಎರಡು ಬೆರಳು ಕಾಣುತ್ತಿರಬೇಕು. ದಿನಕ್ಕೆರಡು ಸಲ ಮುಟ್ಟಿ ನೋಡಿ. ಬೆರಳು ತಣ್ಣಗಾಗಿದ್ದರೆ, ಉಗುರುಗಳು ಒಂದರಿಂದೊಂದು ದೂರ ಸರಿದಿದ್ದರೆ ಒಳಗೆ ಊದಿದೆ ಎಂದರ್ಥ. ಕೆಟ್ಟ ವಾಸನೆ ಬಂದರೂ, ಮರಿ ಬ್ಯಾಂಡೇಜನ್ನು ಬಿಡದೆ ಕಡಿದರೂ ಅಂದೇ ಬಿಚ್ಚಿಸಿ, ನಾಳೆಗೆ ಬಿಡಬೇಡಿ.

ಹೊರ ಚೌಕಟ್ಟಿನ ಪಿನ್‌ಗಳ ಬುಡವನ್ನು ಡಾಕ್ಟರ್ ಕೊಟ್ಟ ದ್ರಾವಣದಲ್ಲಿ ದಿನಾ ಒರೆಸಿ. ಅರಿಶಿನ, ಬೂದಿ, ಎಣ್ಣೆ ಯಾವುದನ್ನೂ ಮೆತ್ತಬೇಡಿ. ಮಳೆಗಾಲದಲ್ಲಿ ಅಲ್ಲಿ ನೊಣ ಕೂತರೆ ಹುಳ ಬೀಳುವುದು ಬೇಗ. ಚೌಕಟ್ಟಿಗೆ ತೆಳು ಬಟ್ಟೆ ಸುತ್ತಿ, ಮರಿಯನ್ನು ಒಳಗೇ ಮಲಗಿಸಿ, ಕೆಸರು ಗದ್ದೆಗೆ ಬಿಡಬೇಡಿ. ಹೊಲಿಗೆಗೆ ಬಾಯಿ ಹಾಕದಂತೆ ಕತ್ತಿಗೆ ಹಾಕಿದ ಅಗಲ ಕಾಲರನ್ನು ಪಾಪವೆನ್ನಿಸಿ ಬಿಚ್ಚುವವರು ಬಹಳ. ಬಿಚ್ಚಿದ ಒಂದು ರಾತ್ರಿಯಲ್ಲಿ ಹೊಲಿಗೆಯೆಲ್ಲ ಕಿತ್ತಿರುತ್ತದೆ.

ನೋವಿಗೆಂದು ಮನೆಯಲ್ಲಿರುವ ಮಾತ್ರೆ ಕೊಡಲೇಬೇಡಿ. ಐಬುಪ್ರೊಫೇನ್, ಡೈಕ್ಲೋಫಿನ್ಯಾಕ್ ನಾಯಿಗೆ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡ ಕೆಡಿಸುತ್ತವೆ. ಪ್ಯಾರಾಸಿಟಮಾಲ್ ಕೂಡ ಅಳತೆ ತಪ್ಪಿದರೆ ಯಕೃತ್ತಿಗೆ ವಿಷ. ನಾಯಿಗೆ ಬರೆದುಕೊಟ್ಟ ಔಷಧಿಯನ್ನು, ಬರೆದಷ್ಟೇ, ಊಟದ ಜೊತೆ ಕೊಡಿ. ವಾಂತಿಯಾದರೆ, ಮಲ ಕಪ್ಪಾದರೆ ನಿಲ್ಲಿಸಿ ಫೋನ್ ಮಾಡಿ.

ಸಂತಾನಹರಣ ಮಾಡಿಸುವ ಯೋಚನೆಯಿದ್ದರೆ ಕಾಲಿನ ಡಾಕ್ಟರನ್ನು ಕೇಳದೆ ಮಾಡಿಸಬೇಡಿ. ಬೆಳವಣಿಗೆ ಮುಗಿಯುವ ಮೊದಲೇ ಮಾಡಿದರೆ ಗ್ರೋತ್ ಪ್ಲೇಟ್ ಮುಚ್ಚುವುದು ತಡವಾಗಿ, ಅವರು ಹಾಕಿದ ಲೆಕ್ಕ ಬದಲಾಗುತ್ತದೆ. ಮುಂದೆ ಒಂದು ವರ್ಷ ತುಂಬುವ ಹೊತ್ತಿಗೆ, ಗ್ರೋತ್ ಪ್ಲೇಟ್‌ಗಳೆಲ್ಲ ಮುಚ್ಚಿದ ಮೇಲೆ, ಕಾಲು ಎಷ್ಟೇ ಚೆನ್ನಾಗಿ ಕಂಡರೂ ಮೊಣಕೈಗಾಗಿ ಕೊನೆಯ ಎಕ್ಸ್‌ರೇ ತೆಗೆಸಿ. ಪೆಟ್ಟಿಲ್ಲದೆ ತಾನಾಗಿ ಕಾಲು ಬಾಗಿದ ನಾಯಿಯಿಂದ ಮರಿ ಹಾಕಿಸಬೇಡಿ.